ಮಲದಲ್ಲಿ ರಕ್ತ ಹೋಗುತ್ತಿದೆ, ಅಪ್ಪ ಕೊಲೊನೋಸ್ಕೋಪಿಗೆ ಒಪ್ಪುತ್ತಿಲ್ಲ. ಸಿಇಎ ರಕ್ತಪರೀಕ್ಷೆ ಮಾಡಿಸಿದರೆ ಸಾಕೇ?

ಸಾಲದು. ಸಿಇಎ ಎಂದರೆ ಕರುಳಿನ ಕ್ಯಾನ್ಸರ್ ಇದ್ದರೆ ರಕ್ತದಲ್ಲಿ ಏರಬಹುದಾದ ಒಂದು ಪ್ರೋಟೀನ್. ಕೊಲೊನೋಸ್ಕೋಪಿ ಎಂದರೆ ಗುದದ್ವಾರದ ಮೂಲಕ ಕ್ಯಾಮೆರಾ ಇರುವ ಕೊಳವೆ ಹಾಕಿ ದೊಡ್ಡಕರುಳನ್ನು ಒಳಗಿನಿಂದಲೇ ನೋಡುವುದು. ನಿಮ್ಮ ಪ್ರಶ್ನೆ ಓದುತ್ತಿದ್ದಂತೆ ನಮ್ಮ ಮನೆಯ ಪಡಸಾಲೆಯೇ ಕಣ್ಣ ಮುಂದೆ ಬಂದಿತು.

ನಮ್ಮದು ಬಾಗಲಕೋಟೆ ಜಿಲ್ಲೆಯ ಬನಹಟ್ಟಿ. ಅಪ್ಪ ನಲವತ್ತು ವರ್ಷ ಸೀರೆ ನೇಯ್ದವರು. 2021ರ ದೀಪಾವಳಿಯ ಹೊತ್ತಿಗೆ ಮಲದಲ್ಲಿ ರಕ್ತ ಕಾಣಿಸಿತು. ಅದು ಮೂಲವ್ಯಾಧಿ ಎಂದು ಅಪ್ಪನೇ ತೀರ್ಮಾನಿಸಿದರು. ಊರಿನ ವೈದ್ಯರು ಮಾತ್ರ ಬೆಳಗಾವಿಗೆ ಹೋಗಿ ಕೊಲೊನೋಸ್ಕೋಪಿ ಮಾಡಿಸಿ ಎಂದು ಚೀಟಿ ಬರೆದುಕೊಟ್ಟರು. ಅಪ್ಪನಿಗೆ ಸಂಕೋಚ. ಚೀಟಿ ಅಂಗಿಯ ಜೇಬಿನಲ್ಲೇ ಉಳಿಯಿತು. ಆಗ ನಾನು ನೀವೀಗ ಯೋಚಿಸುತ್ತಿರುವ ದಾರಿಯನ್ನೇ ಹಿಡಿದೆ. ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗುವ ಪ್ಯಾಕೇಜ್ ಒಂದನ್ನು ಮಾಡಿಸಿದೆ, ಅದರಲ್ಲಿ ಸಿಇಎ ಕೂಡ ಇತ್ತು.

ಸಿಇಎ 2.4 ಬಂದಿತು. ಪಕ್ಕದಲ್ಲಿ, 5ರ ಒಳಗಿದ್ದರೆ ಸಹಜ ಎಂದು ಅಚ್ಚಾಗಿತ್ತು. ಆ ಸಾಲಿನ ಕೆಳಗೆ ಕೆಂಪು ಪೆನ್ನಿನಿಂದ ಗೆರೆ ಎಳೆದು, "ಅಪ್ಪಾ, ಕ್ಯಾನ್ಸರ್ ಇಲ್ಲ" ಎಂದೆ. ಅವ್ವ ದೇವರ ಮುಂದೆ ದೀಪ ಹಚ್ಚಿದಳು.

ನನ್ನ ತಪ್ಪು ಇಲ್ಲೇ ಇದೆ, ಇದನ್ನು ಬಿಡಿಸಿಯೇ ಹೇಳಬೇಕು. ಆರೋಗ್ಯವಂತರಲ್ಲಿ ಸಾಮಾನ್ಯವಾಗಿ ಸಿಇಎ ಎಷ್ಟಿರುತ್ತದೆ ಎಂಬುದನ್ನಷ್ಟೇ ಆ 5 ಹೇಳುತ್ತದೆ. ಅದಕ್ಕಿಂತ ಕಡಿಮೆ ಇದ್ದರೆ ಕ್ಯಾನ್ಸರ್ ಇಲ್ಲ ಎಂದು ಅದು ಎಲ್ಲಿಯೂ ಹೇಳುವುದಿಲ್ಲ, ಹಾಗೆ ಓದಿಕೊಂಡವನು ನಾನು. ಕರುಳಿನ ಕ್ಯಾನ್ಸರ್ ಆರಂಭದ ಹಂತದಲ್ಲಿದ್ದಾಗ ಅನೇಕರಲ್ಲಿ ಸಿಇಎ ಏರುವುದೇ ಇಲ್ಲ. ಕೆಲವರ ಗೆಡ್ಡೆ ದೊಡ್ಡದಾದ ಮೇಲೂ ಏರುವುದಿಲ್ಲ. ಇನ್ನೊಂದೆಡೆ ಬೀಡಿ ಸೇದುವವರಲ್ಲಿ, ಯಕೃತ್ತಿನ ತೊಂದರೆ ಇರುವವರಲ್ಲಿ ಕ್ಯಾನ್ಸರ್ ಇಲ್ಲದೆಯೂ ಏರಬಹುದು. ಇಷ್ಟಕ್ಕೇ ಮುಗಿಯಲಿಲ್ಲ. ಅದೇ ವರದಿಯ ಮೊದಲ ಪುಟದಲ್ಲಿ ಹಿಮೋಗ್ಲೋಬಿನ್ 9.2 ಎಂದಿತ್ತು. ಕೆಂಪು ರಕ್ತಕಣಗಳ ಗಾತ್ರವೂ ಕಡಿಮೆ ಇತ್ತು, ಸಾಮಾನ್ಯವಾಗಿ ಕಬ್ಬಿಣದ ಕೊರತೆಯ ಗುರುತು ಅದು. ಐವತ್ತೆಂಟರ ಗಂಡಸಿನ ದೇಹದಲ್ಲಿ ಕಬ್ಬಿಣದ ಅಂಶ ಹೀಗೆ ಕುಸಿದಿದ್ದರೆ ಒಳಗೆಲ್ಲೋ ರಕ್ತ ಸೋರುತ್ತಿದೆಯೇ ಎಂದು ಹುಡುಕಲೇಬೇಕು. ಉತ್ತರ ಮೊದಲ ಪುಟದಲ್ಲಿತ್ತು, ನಾನು ಗೆರೆ ಎಳೆದದ್ದು ನಾಲ್ಕನೆಯ ಪುಟದಲ್ಲಿ. ರಕ್ತ ಕಡಿಮೆ ಇದೆ ಎಂದು ಅಪ್ಪನಿಗೆ ಶೇಂಗಾ, ಬೆಲ್ಲ, ಬೀಟ್‌ರೂಟ್ ತಿನ್ನಿಸಿದೆವು. ಎಂಟು ತಿಂಗಳು ತಿನ್ನಿಸಿದೆವು.

2022ರ ಜುಲೈನಲ್ಲಿ ಮಗ್ಗದ ಪಕ್ಕದಲ್ಲೇ ತಲೆಸುತ್ತಿ ಕುಸಿದರು. ಆಮೇಲೆ ಬೆಳಗಾವಿ, ಕೊಲೊನೋಸ್ಕೋಪಿ, ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿ. ದೊಡ್ಡಕರುಳಿನ ಎಡಭಾಗದಲ್ಲಿ ಗೆಡ್ಡೆ, ಪಕ್ಕದ ದುಗ್ಧಗ್ರಂಥಿಗಳಿಗೂ ಹಬ್ಬಿತ್ತು, ಮೂರನೆಯ ಹಂತ. ಶಸ್ತ್ರಚಿಕಿತ್ಸೆಯ ಹಿಂದಿನ ದಿನ ಮತ್ತೆ ಸಿಇಎ ನೋಡಿದರು: 2.9. ಅಷ್ಟು ದೊಡ್ಡ ಗೆಡ್ಡೆಯನ್ನು ಹೊಟ್ಟೆಯಲ್ಲಿಟ್ಟುಕೊಂಡು 2.9.

ಹಾಗಾದರೆ ಈ ಪರೀಕ್ಷೆ ದಂಡವೇ? ಅಲ್ಲ. ರೋಗ ಖಚಿತವಾದ ಮೇಲೆ ಅದಕ್ಕೆ ಕೆಲಸವಿದೆ. ಶಸ್ತ್ರಚಿಕಿತ್ಸೆಗೆ ಮೊದಲು ಏರಿದ್ದ ಸಿಇಎ ನಂತರ ಇಳಿಯಬೇಕು. ಇಳಿದದ್ದು ಮತ್ತೆ ಏರುತ್ತಾ ಹೋದರೆ ಕ್ಯಾನ್ಸರ್ ಮರಳಿದೆಯೇ ಎಂದು ಸ್ಕ್ಯಾನ್ ಮಾಡಿ ನೋಡುತ್ತಾರೆ. ಅಪ್ಪನದು ಮೊದಲೇ ಏರಿರದಿದ್ದರಿಂದ ವೈದ್ಯರು ಅದೊಂದನ್ನೇ ನಂಬದೆ ಸಿಟಿ ಸ್ಕ್ಯಾನ್ ಮತ್ತು ಕೊಲೊನೋಸ್ಕೋಪಿಯನ್ನು ತಪ್ಪಿಸುವುದಿಲ್ಲ. ಮೂರು ತಿಂಗಳಿಗೊಮ್ಮೆ ಸಿಇಎ ಕೂಡ ನೋಡುತ್ತಾರೆ, ಅದೂ ಒಂದೇ ಲ್ಯಾಬಿನಲ್ಲಿ. ಒಮ್ಮೆ ಮನೆಗೆ ಹತ್ತಿರವೆಂದು ಬೇರೆ ಲ್ಯಾಬಿಗೆ ಹೋದೆವು, 5.6 ಬಂದಿತು. ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ. ಹಳೆಯ ಲ್ಯಾಬಿನಲ್ಲಿ ಮತ್ತೆ ನೋಡಿದರೆ 3. ಪರೀಕ್ಷೆಯ ವಿಧಾನ ಬೇರೆಯಾದರೆ ಅಂಕಿಯೂ ಬೇರೆಯಾಗುತ್ತದೆ.

ಎರಡು ವಾರಕ್ಕೊಮ್ಮೆಯಂತೆ ಹನ್ನೆರಡು ಸಲ ಕೀಮೋ ಆಯಿತು. ಅಪ್ಪ ಉಳಿದಿದ್ದಾರೆ. ಆದರೆ ಆ ಔಷಧದಿಂದ ಬೆರಳ ತುದಿಗಳು ಜೋಮು ಹಿಡಿದವು, ಇಂದಿಗೂ ಬಿಟ್ಟಿಲ್ಲ. ಕಡಿದ ಎಳೆಯನ್ನು ಕಣ್ಣು ಮುಚ್ಚಿ ಗಂಟು ಹಾಕುತ್ತಿದ್ದ ಕೈ ಅದು. ಈಗ ಎಳೆಯನ್ನು ಬೆಳಕಿಗೆ ಹಿಡಿದು, ಅದು ಬೆರಳುಗಳ ನಡುವೆ ಇದೆಯೋ ಇಲ್ಲವೋ ಎಂದು ಕಣ್ಣಿನಿಂದ ನೋಡಿಕೊಳ್ಳುತ್ತಾರೆ. ಆ ಚೀಟಿ ಹಿಡಿದು ಎಂಟು ತಿಂಗಳು ಮೊದಲೇ ಹೋಗಿದ್ದರೆ ಬಹುಶಃ ಕೀಮೋ ಬೇಕಾಗುತ್ತಿರಲಿಲ್ಲ ಎಂದು ನನಗೆ ಅನ್ನಿಸುತ್ತಲೇ ಇರುತ್ತದೆ.

ಆದ್ದರಿಂದ ಯಾವ ರಕ್ತಪರೀಕ್ಷೆ ಒಳ್ಳೆಯದು ಎಂಬ ಪ್ರಶ್ನೆಯನ್ನೇ ಬಿಡಿ. ನಿಮ್ಮ ಕೆಲಸ ತಂದೆಯವರನ್ನು ಒಪ್ಪಿಸುವುದು. ಮೂಲವ್ಯಾಧಿಯೇ ಆಗಿದ್ದರೂ ಆಗಿರಬಹುದು, ಆದರೆ ಅದನ್ನು ಕಣ್ಣಾರೆ ನೋಡಿದವರು ಹೇಳಲಿ. ಮಗನೋ ಮಗಳೋ ಹೇಳಿದರೆ ಸಂಕೋಚವಾಗುತ್ತದೆ, ಅವರ ವಯಸ್ಸಿನ ಗೆಳೆಯರೊಬ್ಬರಿಂದ ಹೇಳಿಸಿ. ಮಂಪರು ಬರುವ ಔಷಧ ಕೊಟ್ಟು ಮಾಡುತ್ತಾರೆ ಎಂದು ಮೊದಲೇ ತಿಳಿಸಿ. ಅಪ್ಪನಿಗೆ ಆ ಪರೀಕ್ಷೆಯ ನೆನಪೇ ಇಲ್ಲ. ಹಿಂದಿನ ದಿನ ಹೊಟ್ಟೆ ಖಾಲಿ ಮಾಡಿಸಲು ಕುಡಿಸಿದ ಆ ಉಪ್ಪುಪ್ಪು ದ್ರಾವಣ ಮಾತ್ರ ನೆನಪಿದೆ.