ಪ್ರತಿ: ಹುಟ್ಟಿದಾಗ ಅಳದ ಮಗು, ಈಗ ಸೆರೆಬ್ರಲ್ ಪಾಲ್ಸಿ

ಹುಟ್ಟಿದ ತಕ್ಷಣ ಮಗು ಅಳಲಿಲ್ಲ, ಒಂದೂವರೆ ವರ್ಷಕ್ಕೆ ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಕೈಕಾಲು ಚಲನೆ ಕುಂದುವ ಸ್ಥಿತಿ) ಅಂದರು, ಖಾಸಗಿ ಆಸ್ಪತ್ರೆ ಮೇಲೆ ಕೇಸು ಹಾಕಬಹುದಾ ಅಂತ ಕೇಳಿದ್ದೀರಿ. ಹಾಕಬಹುದು. ಆದರೆ ವಕೀಲರಿಗಿಂತ ಮೊದಲು ದಾಖಲೆ ಹಿಡಿಯಿರಿ: ಕೇಸ್‌ಶೀಟ್, ಹೆರಿಗೆ ವೇಳೆಯ ಸಿಟಿಜಿ ಪಟ್ಟಿ (ಹೊಟ್ಟೆಯಲ್ಲಿರುವ ಮಗುವಿನ ಎದೆಬಡಿತದ ದಾಖಲೆ), ಆಪ್ಗಾರ್ ಅಂಕ (ಹುಟ್ಟಿದ ಕೂಡಲೇ ಮಗುವಿನ ಸ್ಥಿತಿಗೆ ಕೊಡುವ ಅಂಕ), ಎನ್‌ಐಸಿಯು (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಟಿಪ್ಪಣಿ. ಕೇಳಿದ 72 ಗಂಟೆಯೊಳಗೆ ಕೊಡಬೇಕು ಅನ್ನುತ್ತದೆ 2002ರ ವೈದ್ಯಕೀಯ ಮಂಡಳಿ ನಿಯಮ, ಲಿಖಿತವಾಗಿಯೇ ಕೇಳಿ. ಮಗುವಿನ ಎದೆಬಡಿತ ಕುಸಿದದ್ದು ಕಂಡೂ ಸಿಸೇರಿಯನ್ ತಡವಾಯಿತೇ, ಪ್ರಶ್ನೆ ಇರುವುದು ಅಲ್ಲಿ.

ಬೇಸರವಾದರೂ ಹೇಳುತ್ತೇನೆ, ಹೆಚ್ಚಿನ ಸೆರೆಬ್ರಲ್ ಪಾಲ್ಸಿಗೆ ಹೆರಿಗೆಯಲ್ಲಿ ಉಸಿರುಗಟ್ಟಿದ್ದು ಕಾರಣವಲ್ಲ. ಹಾಗಾಗಿ ಮಗುವಿನ ಮಿದುಳಿನ ಎಂಆರ್‌ಐಯನ್ನು ಬೇರೆ ಕಡೆಯ ಮಕ್ಕಳ ನರರೋಗ ತಜ್ಞರಿಗೆ ತೋರಿಸಿ. ಗ್ರಾಹಕ ಆಯೋಗದಲ್ಲಿ ದೂರು ಕೊಡಲು ಗಡುವು 2 ವರ್ಷ, ನಿಮಗೆ ಸಮಯ ಕಮ್ಮಿ.

ಫಿಸಿಯೋಥೆರಪಿ ಮಾತ್ರ ತೀರ್ಪಿಗೆ ಕಾಯುವುದು ಬೇಡ, ಈ ವಾರವೇ ಶುರುಮಾಡಿ. ಅಂಗವಿಕಲರಿಗಾಗಿ ಇರುವ ಸರ್ಕಾರಿ ಆರೋಗ್ಯ ವಿಮೆ ನಿರಾಮಯಕ್ಕೂ ಅರ್ಜಿ ಹಾಕಿ, 1 ಲಕ್ಷ ರೂಪಾಯಿವರೆಗೆ ರಕ್ಷಣೆ ಇದೆ.