ಮನೆಯ ಬಿಲ್‌ಗಳನ್ನು ಆನ್‌ಲೈನ್‌ನಲ್ಲಿ ಕಟ್ಟಲು ಯಾವ ದಾರಿ ಸುರಕ್ಷಿತ?

ಪ್ರಶ್ನೆ: ವಿದ್ಯುತ್, ನೀರು, ಇಂಟರ್ನೆಟ್, ಮೊಬೈಲ್ ಬಿಲ್‌ಗಳನ್ನೆಲ್ಲ ಇದುವರೆಗೆ ಮಗ ಕಟ್ಟುತ್ತಿದ್ದ. ಈಗ ಆ ಹೊಣೆ ನನ್ನ ಮೇಲೆ ಬಿದ್ದಿದೆ. ಬ್ಯಾಂಕಿನ ಮೂಲಕ, ಆಯಾ ಸಂಸ್ಥೆಯ ಜಾಲತಾಣದಲ್ಲಿ, ಪಾವತಿ ಆ್ಯಪ್‌ನಲ್ಲಿ, ಡೆಬಿಟ್ ಅಥವಾ ಕ್ರೆಡಿಟ್ ಕಾರ್ಡ್‌ನಿಂದ, ಹೀಗೆ ಹಲವು ದಾರಿಗಳಿವೆ. ಇವುಗಳಲ್ಲಿ ಯಾವುದನ್ನು ಆರಿಸಿಕೊಳ್ಳಲಿ?

ಉತ್ತರ: ಇವುಗಳಲ್ಲಿ ಯಾವ ದಾರಿಯೂ ತನ್ನಷ್ಟಕ್ಕೆ ಅಪಾಯಕಾರಿಯಲ್ಲ. ಆರಿಸಿಕೊಳ್ಳುವ ಮುನ್ನ ಎರಡು ವಿಷಯಗಳನ್ನು ವಿಚಾರಿಸಿಕೊಳ್ಳಿ. ಹಣವನ್ನು ಪ್ರತಿ ಸಲವೂ ನೀವೇ ಕಳುಹಿಸುತ್ತೀರೋ, ಇಲ್ಲವೇ ನಿಮ್ಮ ಖಾತೆಯಿಂದ ಸಂಸ್ಥೆಯೇ ತೆಗೆದುಕೊಳ್ಳುತ್ತದೆಯೋ ಎಂಬುದು ಮೊದಲನೆಯದು. ಏನಾದರೂ ಎಡವಟ್ಟಾದರೆ, ತಕರಾರು ಇತ್ಯರ್ಥವಾಗುವವರೆಗೆ ಸಿಕ್ಕಿಕೊಂಡಿರುವುದು ಯಾರ ಹಣ ಎಂಬುದು ಎರಡನೆಯದು.

ಈ ದೃಷ್ಟಿಯಿಂದ ನೋಡಿದರೆ, ನಿಮ್ಮಂತೆ ಹೊಸದಾಗಿ ಆರಂಭಿಸುವವರಿಗೆ ನಾನು ಸೂಚಿಸುವುದು ಬ್ಯಾಂಕಿನ ಆ್ಯಪ್ ಅಥವಾ ಜಾಲತಾಣದಲ್ಲೇ ಇರುವ ಬಿಲ್ ಪಾವತಿ ಸೌಲಭ್ಯವನ್ನು. ಅಲ್ಲಿ ಸಂಸ್ಥೆಯ ಹೆಸರನ್ನೂ ನಿಮ್ಮ ಗ್ರಾಹಕ ಸಂಖ್ಯೆಯನ್ನೂ ಒಮ್ಮೆ ನೋಂದಾಯಿಸಿಕೊಂಡರೆ ಸಾಕು. ಐದಾರು ಸಂಸ್ಥೆಗಳಿಗೆ ಕಾರ್ಡಿನ ವಿವರ ಕೊಡುವ, ಐದಾರು ಪಾಸ್‌ವರ್ಡ್ ಇಟ್ಟುಕೊಳ್ಳುವ ಪ್ರಮೇಯವೇ ಬರುವುದಿಲ್ಲ. ಆದರೆ ನೋಂದಾಯಿಸುವ ದಿನ ಅವಸರ ಮಾಡಬೇಡಿ. ಗ್ರಾಹಕ ಸಂಖ್ಯೆಯಲ್ಲಿ ಒಂದು ಅಂಕಿ ಹೆಚ್ಚುಕಡಿಮೆಯಾದರೂ ಬೇರೊಬ್ಬರ ಬಿಲ್ ಸಲ್ಲಿಕೆಯಾಗಬಹುದು, ಮತ್ತು ನೀವು ಹೇಳಿದಂತೆಯೇ ಮಾಡಿದ್ದೇವೆ ಎಂದು ಬ್ಯಾಂಕು ಕೈ ತೊಳೆದುಕೊಳ್ಳಬಹುದು. ಸಂಖ್ಯೆಯನ್ನು ಹಳೆಯ ಬಿಲ್ ನೋಡಿಕೊಂಡೇ ನಮೂದಿಸಿ. ಗ್ರಾಹಕರ ಹೆಸರು ತೆರೆಯಲ್ಲಿ ಮೂಡಿದರೆ ಅದು ನಿಮ್ಮದೇ ಎಂದು ಖಾತ್ರಿಪಡಿಸಿಕೊಂಡ ನಂತರವೇ ಮುಂದುವರಿಯಿರಿ.

ಸಂಸ್ಥೆಯ ಜಾಲತಾಣದಲ್ಲಿ ಕಾರ್ಡ್ ಬಳಸಲೇಬೇಕಾದರೆ, ಸಾಮಾನ್ಯವಾಗಿ ಡೆಬಿಟ್ ಕಾರ್ಡ್‌ಗಿಂತ ಕ್ರೆಡಿಟ್ ಕಾರ್ಡ್ ಮೇಲು. ಡೆಬಿಟ್ ಕಾರ್ಡ್‌ನಲ್ಲಿ ಮೋಸವಾದರೆ ನಿಮ್ಮ ಖಾತೆಯ ಹಣ ಆಗಲೇ ಹೋಗಿರುತ್ತದೆ. ಬ್ಯಾಂಕು ವಿಚಾರಣೆ ನಡೆಸುವಷ್ಟು ದಿನ ಆ ಖಾತೆಯನ್ನೇ ನೆಚ್ಚಿಕೊಂಡ ಬಾಡಿಗೆಯೋ ಸಾಲದ ಕಂತೋ ನಿಂತುಹೋಗುವ ಸಾಧ್ಯತೆಯೂ ಇರುತ್ತದೆ. ಕ್ರೆಡಿಟ್ ಕಾರ್ಡ್‌ನಲ್ಲಿ ಮೊದಲು ಹೋಗುವುದು ಬ್ಯಾಂಕಿನ ಹಣವಾದ್ದರಿಂದ, ಆ ಖರ್ಚು ನಿಮ್ಮದಲ್ಲವೆಂದು ತಕರಾರು ಎತ್ತಿ ಚಾರ್ಜ್‌ಬ್ಯಾಕ್ (ಕಾರ್ಡಿನ ಪಾವತಿಯನ್ನು ಹಿಂದಿರುಗಿಸುವ ಕ್ರಮ) ಕೋರಲು ನಿಮಗೆ ಸಮಯ ಸಿಗುತ್ತದೆ. ಈ ಅನುಕೂಲಕ್ಕೂ ಬೆಲೆಯುಂಟು: ಕೆಲವು ಸಂಸ್ಥೆಗಳು ಕ್ರೆಡಿಟ್ ಕಾರ್ಡ್ ಪಾವತಿಗೆ ಹೆಚ್ಚುವರಿ ಶುಲ್ಕ ವಿಧಿಸುತ್ತವೆ, ಕಾರ್ಡಿನ ಬಾಕಿಯನ್ನು ಗಡುವಿನೊಳಗೆ ಪೂರ್ತಿ ಕಟ್ಟದಿದ್ದರೆ ಬಡ್ಡಿಯೂ ಬೆಳೆಯುತ್ತದೆ. ಕ್ರೆಡಿಟ್ ಕಾರ್ಡ್ ಬೇಡವೆನ್ನುವವರು ಬಿಲ್‌ಗಳಿಗೆಂದೇ ಬೇರೊಂದು ಖಾತೆ ತೆರೆದು, ಆ ತಿಂಗಳಿಗೆ ಬೇಕಾದಷ್ಟನ್ನೇ ಅದರಲ್ಲಿಟ್ಟು, ಅದರ ಡೆಬಿಟ್ ಕಾರ್ಡ್ ಬಳಸುವುದು ಒಳ್ಳೆಯ ಉಪಾಯ. ಇನ್ನು ಖಾತೆಯಿಂದ ಖಾತೆಗೆ ತಕ್ಷಣ ಜಮೆಯಾಗುವ ವರ್ಗಾವಣೆಯನ್ನು ಹಿಂಪಡೆಯುವುದು ಬಹಳ ಕಷ್ಟ. ಬಿಲ್ ಮೊತ್ತವನ್ನು ವ್ಯಕ್ತಿಯೊಬ್ಬರ ಹೆಸರಿನ ಖಾತೆಗೆ ಹಾಕಿ ಎಂದು ಯಾರಾದರೂ ಹೇಳಿದರೆ ಅಲ್ಲಿಗೇ ನಿಲ್ಲಿಸಿಬಿಡಿ.

ಜಾಲತಾಣದಲ್ಲಿ ಕಾರ್ಡ್ ವಿವರ ಉಳಿಸಿಡಬಹುದೇ ಎಂದು ಹಲವರು ಕೇಳುತ್ತಾರೆ. ಕಾರ್ಡ್ ಕಂಪನಿಗಳು ಸೇರಿ 2004ರಲ್ಲಿ ಜಾರಿಗೆ ತಂದ ಪಿಸಿಐ ಡಿಎಸ್‌ಎಸ್ ಎಂಬ ಭದ್ರತಾ ಮಾನದಂಡದ ಪ್ರಕಾರ, ಪಾವತಿಗೆ ಅನುಮೋದನೆ ದೊರೆತ ಮೇಲೆ ಕಾರ್ಡಿನ ಸಿವಿವಿ ಸಂಖ್ಯೆಯನ್ನು (ಕಾರ್ಡಿನ ಮೇಲೆ ಮುದ್ರಿಸಿರುವ ಭದ್ರತಾ ಸಂಖ್ಯೆ) ವ್ಯಾಪಾರಿಗಳು ಉಳಿಸಿಕೊಳ್ಳುವಂತಿಲ್ಲ. ಟೋಕನ್ ವ್ಯವಸ್ಥೆಯಿರುವಲ್ಲಿ ಕಾರ್ಡ್ ಸಂಖ್ಯೆಯ ಬದಲು ಬೇರೊಂದು ಸಂಖ್ಯೆಯನ್ನಷ್ಟೇ ಇಟ್ಟುಕೊಳ್ಳುವುದರಿಂದ, ಅದು ಕಳುವಾದರೂ ಬೇರೆಡೆ ಉಪಯೋಗಕ್ಕೆ ಬರುವುದು ಕಷ್ಟ. ತಿಂಗಳು ತಿಂಗಳು ಬಳಸುವ ತಾಣದಲ್ಲಿ ಉಳಿಸಿಟ್ಟರೆ ಅಡ್ಡಿಯಿಲ್ಲ; ವರ್ಷಕ್ಕೊಮ್ಮೆ ತೆರಿಗೆ ಕಟ್ಟುವ ತಾಣದಲ್ಲಿ ಅದರ ಅಗತ್ಯವೇ ಇಲ್ಲ.

ಪ್ರಶ್ನೆ: ವಿಳಾಸದ ಪಕ್ಕದಲ್ಲಿ ಬೀಗದ ಚಿತ್ರವಿದ್ದರೆ ಆ ಜಾಲತಾಣ ಅಸಲಿ ಎಂದು ತಿಳಿಯಬಹುದೇ?

ಉತ್ತರ: ಖಂಡಿತ ತಿಳಿಯಬಾರದು. ನಿಮ್ಮ ಸಾಧನಕ್ಕೂ ಆ ತಾಣಕ್ಕೂ ನಡುವೆ ಹರಿಯುವ ಮಾಹಿತಿ ಗೂಢಲಿಪಿಯಲ್ಲಿದೆ ಎಂಬುದಷ್ಟೇ ಬೀಗದ ಅರ್ಥ; ತಾಣ ನಡೆಸುವವರು ಪ್ರಾಮಾಣಿಕರು ಎಂದಲ್ಲ. ಅದಕ್ಕೆ ಬೇಕಾದ ಪ್ರಮಾಣಪತ್ರ ಈಗ ಉಚಿತವಾಗಿ, ಕೆಲವೇ ನಿಮಿಷಗಳಲ್ಲಿ ಸಿಗುವುದರಿಂದ ನಕಲಿ ತಾಣಗಳಲ್ಲೂ ಬೀಗ ಕಾಣಿಸುತ್ತದೆ. ಜನ ಈ ಗುರುತನ್ನು ತಪ್ಪಾಗಿ ಅರ್ಥಮಾಡಿಕೊಳ್ಳುತ್ತಿದ್ದಾರೆ ಎಂಬ ಕಾರಣದಿಂದಲೇ ಗೂಗಲ್ ಸಂಸ್ಥೆಯು 2023ರಲ್ಲಿ ಕ್ರೋಮ್ ಬ್ರೌಸರ್‌ನ ವಿಳಾಸಪಟ್ಟಿಯಿಂದ ಬೀಗದ ಚಿತ್ರವನ್ನು ತೆಗೆದುಹಾಕಿತು.

ನೋಡಬೇಕಾದ್ದು ವಿಳಾಸವನ್ನು. ಆರಂಭದ ಜೋಡಿ ಓರೆಗೆರೆಗಳನ್ನು (//) ಬಿಟ್ಟು, ಮುಂದೆ ಬರುವ ಮೊದಲ ಒಂಟಿ ಓರೆಗೆರೆಯವರೆಗೆ ಓದಿ. ಆ ಗೆರೆಯ ಎಡಕ್ಕೆ ಒತ್ತಿಕೊಂಡಿರುವ, ಚುಕ್ಕಿಯಿಂದ ಬೇರ್ಪಟ್ಟ ಕೊನೆಯ ಎರಡು ತುಂಡುಗಳು (ದೇಶದ ಸಂಕೇತವಿರುವ ಕೆಲವು ವಿಳಾಸಗಳಲ್ಲಿ ಮೂರು) ತಾಣದ ನಿಜವಾದ ಒಡೆಯ ಯಾರೆಂದು ತಿಳಿಸುತ್ತವೆ. ನಿಮ್ಮ ವಿದ್ಯುತ್ ಕಂಪನಿಯ ಹೆಸರು ಆ ಜಾಗದಲ್ಲಿರದೆ ವಿಳಾಸದ ಆರಂಭದಲ್ಲೋ ಓರೆಗೆರೆಯ ಆಚೆಗೋ ಇದ್ದರೆ, ಅದನ್ನು ಕಣ್ಣಿಗೆ ಮಣ್ಣೆರಚಲು ಸೇರಿಸಿರಬಹುದು. ಅಲ್ಲಿಗೆ ಯಾರು ಯಾವ ಹೆಸರನ್ನು ಬೇಕಾದರೂ ಹಾಕಬಹುದು. ಹುಡುಕಾಟದ ಫಲಿತಾಂಶದಲ್ಲಿ ಎಲ್ಲಕ್ಕಿಂತ ಮೇಲೆ ಬರುವ ಕೊಂಡಿ ಎಷ್ಟೋ ಸಲ ಹಣ ಕೊಟ್ಟು ಹಾಕಿಸಿದ ಜಾಹೀರಾತಾಗಿರುತ್ತದೆ. ಬಿಲ್‌ನ ಮೇಲೆ ಮುದ್ರಿತವಾಗಿರುವ ವಿಳಾಸವನ್ನು ಒಮ್ಮೆ ನೀವೇ ಟೈಪ್ ಮಾಡಿ ಬ್ರೌಸರ್‌ನಲ್ಲಿ ಗುರುತು ಹಾಕಿಟ್ಟುಕೊಂಡರೆ ಈ ರಗಳೆಯೇ ಇರುವುದಿಲ್ಲ.

ಪ್ರಶ್ನೆ: ಬಿಲ್ ಬಾಕಿಯಿದೆ, ಇಂದು ರಾತ್ರಿಯೇ ಸಂಪರ್ಕ ಕಡಿತಗೊಳಿಸುತ್ತೇವೆ ಎಂಬ ಸಂದೇಶ ಬಂದಿದೆ. ಅದರಲ್ಲಿ ಪಾವತಿಯ ಕೊಂಡಿಯೂ ಇದೆ. ಏನು ಮಾಡಲಿ?

ಉತ್ತರ: ಕೊಂಡಿಯನ್ನು ಮುಟ್ಟಬೇಡಿ, ಸಂದೇಶದಲ್ಲಿರುವ ದೂರವಾಣಿ ಸಂಖ್ಯೆಗೆ ಕರೆಯನ್ನೂ ಮಾಡಬೇಡಿ. ಎಂದಿನಂತೆ ಬ್ಯಾಂಕಿನ ಆ್ಯಪ್ ತೆರೆದು ಬಾಕಿಯಿದೆಯೇ ಎಂದು ನೋಡಿ. ನಿಜವಾಗಿಯೂ ಬಾಕಿಯಿದ್ದರೆ ಅದು ಅಲ್ಲಿಯೂ ಕಾಣಿಸಬೇಕು. ಸಂಶಯ ಉಳಿದರೆ ಹಳೆಯ ಬಿಲ್‌ನಲ್ಲಿ ಮುದ್ರಿತವಾಗಿರುವ ಸಂಖ್ಯೆಗೆ ಕರೆ ಮಾಡಿ.

ಇದೇ ಸಂದರ್ಭದಲ್ಲಿ ಒಟಿಪಿಯ ಬಗ್ಗೆ ಒಂದು ಮಾತು. ಒಟಿಪಿ ಬಂದಾಗ ನಮ್ಮ ಕಣ್ಣು ನೇರವಾಗಿ ಅಂಕಿಗಳತ್ತ ಹೋಗುತ್ತದೆ, ಉಳಿದ ಸಾಲನ್ನು ಓದುವ ವ್ಯವಧಾನ ಇರುವುದಿಲ್ಲ. ಎಷ್ಟು ಮೊತ್ತ, ಯಾರಿಗೆ ಎಂಬುದು ಹಲವು ಬ್ಯಾಂಕುಗಳ ಸಂದೇಶದಲ್ಲಿ ಅದೇ ಸಾಲಿನಲ್ಲಿರುತ್ತದೆ. ನೀವು ಕಟ್ಟಹೊರಟಿದ್ದು ನೀರಿನ ಬಿಲ್ ಆಗಿದ್ದು, ಸಂದೇಶದಲ್ಲಿ ಗುರುತಿಲ್ಲದ ಹೆಸರೋ ದೊಡ್ಡ ಮೊತ್ತವೋ ಕಂಡರೆ, ಎದುರಿಗಿರುವ ಪುಟ ಎಷ್ಟೇ ಅಚ್ಚುಕಟ್ಟಾಗಿದ್ದರೂ ಅದನ್ನು ಮುಚ್ಚಿಬಿಡಿ. ನಕಲಿ ಪುಟದಲ್ಲಿ ನೀವು ನಮೂದಿಸಿದ ಒಟಿಪಿಯನ್ನು ವಂಚಕರು ಆ ಕ್ಷಣದಲ್ಲೇ ಅಸಲಿ ತಾಣದಲ್ಲಿ ಬಳಸಬಲ್ಲರು. ಪಾಸ್‌ವರ್ಡ್ ಬದಲು ಫೋನಿನ ಬೆರಳಚ್ಚು ಅಥವಾ ಪಿನ್‌ನಿಂದ ಗುರುತು ದೃಢಪಡಿಸುವ ಪಾಸ್‌ಕೀ ಎಂಬ ಹೊಸ ವಿಧಾನಕ್ಕೆ ಈ ದೌರ್ಬಲ್ಯವಿಲ್ಲ, ಏಕೆಂದರೆ ಅದು ನೋಂದಾಯಿಸಿದ ವಿಳಾಸದಲ್ಲಿ ಮಾತ್ರ ಕೆಲಸ ಮಾಡುತ್ತದೆ. ನಿಮ್ಮ ಬ್ಯಾಂಕು ಅದನ್ನು ಒದಗಿಸಿದ್ದರೆ ಬಳಸಿ.

ಪ್ರಶ್ನೆ: ಆಟೋ ಪೇ, ಅಂದರೆ ಬಿಲ್ ಮೊತ್ತ ಖಾತೆಯಿಂದ ತಾನಾಗಿ ಹೋಗುವ ವ್ಯವಸ್ಥೆ, ಇಟ್ಟುಕೊಳ್ಳುವುದು ಸರಿಯೇ?

ಉತ್ತರ: ಇಂಟರ್ನೆಟ್‌ನಂತೆ ಪ್ರತಿ ತಿಂಗಳೂ ಒಂದೇ ಮೊತ್ತ ಬರುವ ಬಿಲ್‌ಗಳಿಗೆ ಸರಿ. ವಿದ್ಯುತ್ ಮತ್ತು ನೀರಿನ ಬಿಲ್‌ಗಳಿಗೆ ಇಡುವುದಾದರೆ ಗರಿಷ್ಠ ಮಿತಿಯನ್ನು ಸಾಮಾನ್ಯ ಬಿಲ್‌ಗಿಂತ ತುಸು ಮೇಲಕ್ಕೆ ನಿಗದಿಪಡಿಸಿ. ಮೀಟರ್ ಓದುವಲ್ಲಿ ತಪ್ಪಾಗಿ ಹತ್ತುಪಟ್ಟು ಬಿಲ್ ಬಂದರೂ ಹಣ ತಾನಾಗಿ ಹೋಗುವುದಿಲ್ಲ. ಸೇವೆಯನ್ನು ನಿಲ್ಲಿಸಿದಾಗ ಸಂಸ್ಥೆಗೆ ತಿಳಿಸಿದರಷ್ಟೇ ಸಾಲದು. ಬ್ಯಾಂಕಿನಲ್ಲಿ ಕೊಟ್ಟ ಅನುಮತಿಯನ್ನೂ ರದ್ದುಪಡಿಸಿ, ರದ್ದಾದ ದೃಢೀಕರಣವನ್ನು ಉಳಿಸಿಕೊಂಡು, ಮುಂದಿನ ತಿಂಗಳ ಖಾತೆ ವಿವರದಲ್ಲಿ ಆ ಸಂಸ್ಥೆಯ ಹೆಸರು ಇಲ್ಲದಿರುವುದನ್ನು ನೋಡಿಕೊಳ್ಳಿ.