ಚಿಂತಾಮಣಿಯಲ್ಲಿ 20-30 ಸೈಟಿನ ಮನೆ: ತಾರಸಿಯ ಮಳೆನೀರಿನಲ್ಲೇ ವರ್ಷವಿಡೀ ಸಾಗಿಸೋಕೆ ಆಗುತ್ತಾ?

ಆಗುತ್ತೆ, ಆದರೆ ಕುಡಿಯೋಕೆ ಮತ್ತು ಅಡುಗೆಗೆ ಮಾತ್ರ. ನೀವು ಕೊಟ್ಟಿರೋ ವಿವರ ಇಷ್ಟು: ಒಂದಂತಸ್ತಿನ ಮನೆ, ನಾಲ್ಕು ಜನ, 500 ಚದರಡಿ ಆರ್‌ಸಿಸಿ ತಾರಸಿ, ಬೋರ್ ನೀರು ಗಡಸು ಮತ್ತು ಫ್ಲೋರೈಡ್ ಇದೆ ಅಂತ ಹೇಳ್ತಾರೆ, ಸದ್ಯಕ್ಕೆ 20 ಲೀಟರ್ ಕ್ಯಾನ್ ತರಿಸ್ತಿದ್ದೀರಿ, ಹಿತ್ತಲಲ್ಲಿ ಉಳಿದಿರೋದು ಹತ್ತಡಿ ಉದ್ದ, ಐದಡಿ ಅಗಲ. ಸ್ನಾನ, ಬಟ್ಟೆ, ಟಾಯ್ಲೆಟ್ಟಿಗೂ ಮಳೆನೀರೇ ಬೇಕು ಅಂತ ಹೊರಟರೆ ಈ ತಾರಸಿನೂ ಸಾಲದು, ಈ ಜಾಗನೂ ಸಾಲದು.

ಮೊದಲು ಲೆಕ್ಕ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ನಿಮ್ಮ ತಾರಸಿ 46 ಚದರ ಮೀಟರ್. ನಮ್ಮ ಭಾಗದಲ್ಲಿ ವರ್ಷಕ್ಕೆ ಸುಮಾರು 700 ಮಿ.ಮೀ. ಅಂತಿಟ್ಟುಕೊಳ್ಳಿ. ತಾರಸಿ ಹೀರಿದ್ದು, ಆರಿದ್ದು, ತೊಳೆದು ಬಿಟ್ಟಿದ್ದು ಎಲ್ಲ ಸೇರಿ ನೂರಕ್ಕೆ 20 ಕಳೆದರೂ 25,000 ಲೀಟರ್ ಮೇಲೆ ಸಿಗುತ್ತೆ. ಕುಡಿಯೋಕೆ, ಅಡುಗೆಗೆ ಒಬ್ಬರಿಗೆ ದಿನಕ್ಕೆ ಐದು ಲೀಟರ್ ಅಂದರೆ ಮನೆಗೆ 20 ಲೀಟರ್, ವರ್ಷಕ್ಕೆ 7,300. ಮಳೆ ಅರ್ಧಕ್ಕರ್ಧ ಕೈಕೊಟ್ಟ ವರ್ಷವೂ ಕೊರತೆ ಬರೋದಿಲ್ಲ. ಕೊರತೆ ಬರೋದು ಶೇಖರಣೆಗೆ. ನವೆಂಬರ್ ಮಧ್ಯದಿಂದ ಮೇ ಮಧ್ಯದವರೆಗೆ ಮಳೆ ನಂಬೋ ಹಾಗಿಲ್ಲ. ಆ 180 ದಿನಕ್ಕೆ 3,600 ಲೀಟರ್ ಕೂಡಿಟ್ಟಿರಬೇಕು. ಅಂದರೆ 2,000 ಲೀಟರಿನ ಎರಡು ಟ್ಯಾಂಕ್. ಒಂದೊಂದರ ಅಗಲ ಸುಮಾರು ನಾಲ್ಕೂವರೆ ಅಡಿ, ಎತ್ತರ ಐದಡಿ. ಕಂಪನಿಯಿಂದ ಕಂಪನಿಗೆ ಸ್ವಲ್ಪ ಹೆಚ್ಚುಕಮ್ಮಿ ಇರುತ್ತೆ, ಅಂಗಡಿಯಲ್ಲಿ ಟೇಪು ಹಿಡಿದೇ ತಗೊಳ್ಳಿ. ನಿಮ್ಮ ಹಿತ್ತಲಿಗೆ ಸರಿಯಾಗಿ ಕೂರುತ್ತೆ.

ಹೆಚ್ಚಿನವರು ಎಡವೋದು ಒಂದೇ ಕಡೆ: ತಾರಸಿ ಪೈಪನ್ನ ನೇರ ಬೋರ್ ನೀರಿನ ಸಂಪಿಗೆ ಬಿಟ್ಟುಬಿಡ್ತಾರೆ. ಫ್ಲೋರೈಡ್ ಒಂದು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ ಅಂತ ಭಾರತೀಯ ಮಾನಕ. ಬೋರ್ ನೀರಲ್ಲಿ 3 ಇದ್ದು, ಸಂಪಿನಲ್ಲಿ ಅದಕ್ಕೆ ಸಮನಾಗಿ ಮಳೆನೀರು ಬೆರೆತರೂ 1.5ಕ್ಕೆ ನಿಲ್ಲುತ್ತೆ. ನಾಲ್ಕು ದಿನಕ್ಕೆ ಮತ್ತೆ ಬೋರ್ ಆನ್ ಮಾಡಿದರೆ ಮೊದಲಿನ ಕಥೆಯೇ. ಇದು ಕಲ್ಲಿನೊಳಗಿಂದ ಬರೋ ದೋಷ. ಇಲ್ಲಿನ ಗ್ರಾನೈಟ್, ನೈಸ್ ಬಂಡೆಯಲ್ಲಿ ಫ್ಲೋರೈಡ್ ಇರೋ ಖನಿಜಗಳಿವೆ. ಬೋರ್ ಆಳಕ್ಕೆ ಹೋದಷ್ಟೂ ನೀರು ಬಂಡೆಯ ಬಿರುಕಲ್ಲಿ ಹೆಚ್ಚು ಕಾಲ ನಿಂತು ಅದನ್ನ ಕರಗಿಸಿಕೊಂಡಿರುತ್ತೆ. ಕುದಿಸಿದರೆ ಹೋಗೋದಿಲ್ಲ, ನೀರು ಆವಿಯಾಗಿ ಇನ್ನಷ್ಟು ಗಟ್ಟಿಯಾಗುತ್ತೆ. ನೀರಲ್ಲಿ ಕರಗಿರೋ ಲವಣವನ್ನೆಲ್ಲ ಒಟ್ಟಾಗಿ ಅಳೆಯೋ ಟಿಡಿಎಸ್ ಪೆನ್ನಿಗೂ ಅದು ಬೇರೆಯಾಗಿ ಕಾಣೋದಿಲ್ಲ. "ಅಂತಾರೆ" ಅನ್ನೋದರ ಮೇಲೆ ಕೂರಬೇಡಿ, ಗ್ರಾಮೀಣ ಕುಡಿಯುವ ನೀರು ಇಲಾಖೆಯ ಜಿಲ್ಲಾ ಪ್ರಯೋಗಾಲಯದಲ್ಲೋ ಖಾಸಗಿ ಲ್ಯಾಬಿನಲ್ಲೋ ಒಂದು ಸಲ ಬೋರ್ ನೀರು ಪರೀಕ್ಷೆ ಮಾಡಿಸಿ. ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆನೀರು, ಕೆರೆಗಳಿಗೆ ಬಂದ ಮೇಲೆ ಬೋರ್ ಏರಿದೆ ಅಂತ ಖುಷಿಪಡೋರಿಗೂ ಇದೇ ಮಾತು. ಆ ಯೋಜನೆ ಇರೋದು ಅಂತರ್ಜಲ ತುಂಬಿಸೋಕೆ. ನೀರು ಏರಿತು ಅಂದ ಮಾತ್ರಕ್ಕೆ ಕುಡಿಯೋಕೆ ಬಂತು ಅಂತಲ್ಲ.

ತಾರಸಿ ವಿಚಾರ ಬೇಗ ಮುಗಿಸ್ತೀನಿ. ಆರ್‌ಸಿಸಿ ಆದರೆ ಒಳ್ಳೆಯದು. ಹಳೇ ಚಪ್ಪಡಿ ಮನೆಯಾದರೆ ಸಂದುಗಳ ಗಾರೆ ಸರಿಮಾಡಿಸಿ, ಹುಲ್ಲು ಕಿತ್ತು ಬಳಸಬಹುದು. ಆಸ್ಬೆಸ್ಟಾಸ್ ಶೀಟಿನ ನೀರು ಕುಡಿಯೋಕೆ ಬೇಡ. ಹೊಸದಾಗಿ ವಾಟರ್‌ಪ್ರೂಫ್ ಬಳಿಸಿದ್ದರೆ ಮೊದಲ ನಾಲ್ಕೈದು ಮಳೆ ಪೂರ್ತಿ ಹೊರಗೆ ಬಿಡಿ. ಪಕ್ಕದಲ್ಲಿ ದ್ರಾಕ್ಷಿ, ಟೊಮೆಟೊ ತೋಟ ಇದ್ದು ಔಷಧಿ ಹೊಡೆಯೋ ಗಾಳಿ ಮನೆ ಮೇಲೆ ಬರುತ್ತೆ ಅನ್ನೋದಾದರೆ, ಅಥವಾ ಮಾಲೂರಿನ ಕಡೆಯ ಹಾಗೆ ಇಟ್ಟಿಗೆ ಗೂಡಿನ ಮಸಿ ಬೀಳುತ್ತೆ ಅನ್ನೋದಾದರೆ, ಆ ತಾರಸಿಯ ನೀರನ್ನ ಗಿಡಕ್ಕೆ ಬಿಡಿ, ಬಾಯಿಗೆ ಬೇಡ. ರಾಗಿ, ಹುಣಸೆಹಣ್ಣು, ಮೆಣಸಿನಕಾಯಿ ಒಣಗಿಸೋದಕ್ಕೆ ಅಡ್ಡಿಯಿಲ್ಲ, ಆಮೇಲೆ ಗುಡಿಸಿದರೆ ಆಯ್ತು. ಪಾರಿವಾಳ ಕೂರೋ ಜಾಗ, ನಾಯಿ ಕಟ್ಟೋ ಜಾಗ ಆಗಬಾರದು.

ಈಗ ಪೈಪು. ತಾರಸಿಯ ಮೂಲೆಯ ಮೋರಿಗೆ ಗುಮ್ಮಟದಂಥ ಜಾಲರಿ ಹಾಕಿ. ಚಪ್ಪಟೆ ಜಾಲರಿ ಎರಡು ಎಲೆ ಬಿದ್ದರೆ ಮುಚ್ಚಿಕೊಳ್ಳುತ್ತೆ. ಇಳಿಯೋಕೆ ನಾಲ್ಕಿಂಚಿನ ಪೈಪು ಧಾರಾಳ. ಮಳೆಯ ಮೊದಲ ನೀರು ತಾರಸಿಯ ಧೂಳು, ಹಿಕ್ಕೆ ಎಲ್ಲ ತೊಳೆದುಕೊಂಡು ಬರುತ್ತೆ. ಕನಿಷ್ಠ ಒಂದು ಮಿಲಿಮೀಟರ್ ಮಳೆಯಷ್ಟು ನೀರು, ಅಂದರೆ ನಿಮಗೆ 46 ಲೀಟರ್, ಟ್ಯಾಂಕಿಗೆ ಹೋಗದ ಹಾಗೆ ಬೇರೆ ಹಿಡಿಯಬೇಕು. ನಾಲ್ಕಿಂಚಿನ ಪೈಪು ಮೀಟರಿಗೆ ಎಂಟೂವರೆ ಲೀಟರ್ ಮಾತ್ರ ಹಿಡಿಯುತ್ತೆ. ಮಾರಾಟಕ್ಕೆ ಸಿಗೋ ಮೂರಡಿ ತುಂಡಿನ ರೆಡಿಮೇಡ್ ಸಾಧನ ಹಾಕಿಸಿಕೊಂಡರೆ ಎಂಟು ಲೀಟರಿನಷ್ಟೂ ಹೊರಗೆ ಹೋಗೋದಿಲ್ಲ, ಉಳಿದ ಕೊಳೆಯೆಲ್ಲ ಒಳಗೆ. ಆರಿಂಚಿನ ಪೈಪು ಮೀಟರಿಗೆ ಸುಮಾರು ಹದಿನೇಳೂವರೆ ಲೀಟರ್ ಹಿಡಿಯುತ್ತೆ, ಒಂಬತ್ತಡಿ ಉದ್ದಕ್ಕೆ ನಿಮ್ಮ 46 ಲೀಟರ್ ಸರಿಹೋಗುತ್ತೆ. ತಾರಸಿ ಹತ್ತಡಿ ಎತ್ತರ ಇರೋದರಿಂದ ಗೋಡೆಗೆ ಆನಿಸಿ ನೆಲದವರೆಗೆ ನಿಲ್ಲಿಸಿದರೆ ಸಾಕು, ಜಾಗವೇ ತಿನ್ನೋದಿಲ್ಲ.

ಜೋಡಣೆ ಹೀಗೆ: ಮೇಲಿಂದ ಬಂದ ನಾಲ್ಕಿಂಚು ಒಂಬತ್ತಡಿ ಎತ್ತರದಲ್ಲಿ ಮೂರು ಬಾಯಿಯ ‘ಟೀ’ ಜೋಡಣೆಗೆ ಸೇರುತ್ತೆ. ಟೀಯ ಕೆಳಬಾಯಿ ರೆಡ್ಯೂಸರ್ (ಬೇರೆ ಬೇರೆ ಅಳತೆಯ ಪೈಪು ಸೇರಿಸೋ ತುಂಡು) ಮೂಲಕ ಆರಿಂಚಿನ ನಿಂತ ಪೈಪಿಗೆ, ಅಡ್ಡಬಾಯಿ ಫಿಲ್ಟರಿಗೆ. ನಿಂತ ಪೈಪು ತುಂಬಿದ ಮೇಲಷ್ಟೇ ನೀರು ಅಡ್ಡಕ್ಕೆ ತಿರುಗುತ್ತೆ. ರೆಡ್ಯೂಸರಿನ ಕಂಠಕ್ಕಿಂತ ದಪ್ಪದ, ತೇಲೋ ಪ್ಲಾಸ್ಟಿಕ್ ಚೆಂಡೊಂದನ್ನ ಆರಿಂಚಿನೊಳಗೆ ಬಿಟ್ಟರೆ ತುಂಬಿದಾಗ ಅದು ಮೇಲೆದ್ದು ಬಾಯಿ ಮುಚ್ಚುತ್ತೆ. ಚೆಂಡು ಇಲ್ಲದಿದ್ದರೂ ನಡೆಯುತ್ತೆ. ಇಲ್ಲದಿದ್ದರೆ ನಡೆಯದೇ ಇರೋದು ಅಂದರೆ ಅಡಿಯ ವ್ಯವಸ್ಥೆ: ತಿರುಪಿನ ಎಂಡ್ ಕ್ಯಾಪ್, ಅದಕ್ಕೊಂದು ಅರ್ಧ ಇಂಚಿನ ನಲ್ಲಿ. ಈ ನಲ್ಲಿಯನ್ನ ಪೂರ್ತಿ ಮುಚ್ಚಿಟ್ಟರೆ ಪೈಪು ತುಂಬೇ ಇರುತ್ತೆ, ಮುಂದಿನ ಮಳೆಯ ಕೊಳೆ ನೇರ ಟ್ಯಾಂಕಿಗೆ ಹೋಗುತ್ತೆ. ಸಣ್ಣಗೆ ಹನಿಯೋ ಹಾಗೆ ಬಿಡಿ. ನಿಮಿಷಕ್ಕೆ ಎರಡು ದೊಡ್ಡ ಚಮಚದಷ್ಟು, ಅಂದರೆ ಸುಮಾರು 30 ಮಿ.ಲೀ. ಬಿದ್ದರೆ ಒಂದು ದಿನಕ್ಕೆ ಖಾಲಿ ಆಗುತ್ತೆ. ಹನಿ ನಿಂತಿದೆ ಅಂದರೆ ಕೆಸರು ಕಟ್ಟಿದೆ ಅಂತ ಅರ್ಥ. ತಿಂಗಳಿಗೊಮ್ಮೆ ಕ್ಯಾಪ್ ತಿರುಗಿಸಿ ತೊಳೀರಿ. ಕ್ಯಾಪನ್ನ ಸಾಲ್ವೆಂಟ್ ಹಾಕಿ ಅಂಟಿಸಬೇಡಿ ಅಂತ ಪ್ಲಂಬರಿಗೆ ಮೊದಲೇ ಹೇಳಿ, ಹೇಳದಿದ್ದರೆ ಅಂಟಿಸಿಯೇ ಹೋಗ್ತಾರೆ.

ಮಟ್ಟದ ಲೆಕ್ಕ ತಪ್ಪಿದರೆ ಪಂಪು ಬೇಕಾಗುತ್ತೆ, ಅದಕ್ಕೇ ಕೆಲಸ ಶುರುಮಾಡೋ ಮುಂಚೆ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಳ್ಳಿ. ಟ್ಯಾಂಕಿನ ಕಟ್ಟೆ ಒಂದಡಿ, ಟ್ಯಾಂಕ್ ಐದಡಿ, ಒಳಹರಿವಿನ ಬಾಯಿ ಐದೂವರೆ ಅಡಿಯಲ್ಲಿ. ಫಿಲ್ಟರ್ ಡ್ರಮ್ಮಿನ ತಳ ಆರಡಿಯಲ್ಲಿ, ಬಾಯಿ ಎಂಟೂವರೆಯಲ್ಲಿ. ಟೀ ಒಂಬತ್ತರಲ್ಲಿ. ಮರಳು, ಜಲ್ಲಿ, ನೀರು ತುಂಬಿದ ಡ್ರಮ್ ಒಂದೂವರೆ ಕ್ವಿಂಟಾಲ್ ತೂಗುತ್ತೆ. ಸಜ್ಜಾ ಮೇಲೆ ಇಡಬೇಡಿ, ಆಂಗಲ್ ಕಬ್ಬಿಣದ ಸ್ಟ್ಯಾಂಡ್ ಮಾಡಿಸಿ.

ಫಿಲ್ಟರಿಗೆ 90 ಲೀಟರಿನ, ಮುಚ್ಚಳ ಇರೋ ನೀಲಿ ಡ್ರಮ್ ಸಾಕು. ಮುಂಚೆ ಏನು ತುಂಬಿತ್ತು ಅಂತ ವಿಚಾರಿಸಿಯೇ ಕೊಳ್ಳಿ. ಆಹಾರ ಪದಾರ್ಥದ್ದೇ ಆಗಿರಬೇಕು, ಕೆಮಿಕಲ್ ಡ್ರಮ್ ಎಷ್ಟು ತೊಳೆದರೂ ಬೇಡ. ತಳದಲ್ಲಿ ತೂತು ಕೊರೆದ ಎರಡಿಂಚಿನ ಪೈಪು, ಅದರ ಮೇಲೆ ಆರಿಂಚು 20 ಎಂಎಂ ಜಲ್ಲಿ, ನೈಲಾನ್ ಜಾಲರಿ, ನಾಲ್ಕಿಂಚು ಸಣ್ಣ ಜಲ್ಲಿ, ಮತ್ತೆ ಜಾಲರಿ, ಮೇಲೆ ಏಳೆಂಟು ಇಂಚು ದಪ್ಪ ಮರಳು. ಮೇಲುಗಡೆ ಎಂಟಿಂಚು ಖಾಲಿ ಇರಲಿ. ಗಾರೆಗೆ ಬಳಸೋ ನುಣುಪು ಮರಳು ಹಾಕಿದರೆ ಜೋರು ಮಳೆಗೆ ನೀರು ಇಳಿಯೋದೇ ಇಲ್ಲ. ಗಂಟೆಗೆ 60 ಮಿ.ಮೀ. ಲೆಕ್ಕದ ಮಳೆ ಹೊಡೆದರೆ ನಿಮ್ಮ ತಾರಸಿಯಿಂದ ನಿಮಿಷಕ್ಕೆ 46 ಲೀಟರ್ ಬರುತ್ತೆ. ಎಂ-ಸ್ಯಾಂಡ್ ಆದರೆ ಕಲ್ಲುಪುಡಿ ಇರುತ್ತೆ, ಜರಡಿ ಹಿಡಿದು ದಪ್ಪ ಕಾಳಷ್ಟೇ ತಗೊಂಡು ಬಕೆಟ್ಟಿನಲ್ಲಿ ತಿಳಿನೀರು ಬರೋವರೆಗೂ ತೊಳೆಯಬೇಕು. ನೀರು ಬೀಳೋ ಜಾಗಕ್ಕೆ ಒಂದು ಕಡಪಾ ಚೂರು ಇಡಿ, ಇಲ್ಲದಿದ್ದರೆ ಮರಳಲ್ಲಿ ಗುಂಡಿ ಬಿದ್ದು ನೀರು ಸೋಸದೆ ಇಳಿಯುತ್ತೆ. ಡ್ರಮ್ಮಿನ ಮೇಲಂಚಿಗೆ ಮೂರಿಂಚಿನ ಓವರ್‌ಫ್ಲೋ ಮರೆಯಬೇಡಿ. ಇದ್ದಿಲಿನ ಪದರ ಹಾಕಿ ಅಂತ ಎಲ್ಲರೂ ಹೇಳ್ತಾರೆ, ನಾನು ಬೇಡ ಅಂತೀನಿ. ಬದಲಾಯಿಸದೆ ಬಿಟ್ಟ ಇದ್ದಿಲು ಕ್ರಿಮಿಗಳಿಗೆ ಗೂಡು, ಮತ್ತೆ ಅದನ್ನ ಬದಲಾಯಿಸೋರು ಯಾರೂ ಇಲ್ಲ. ಸ್ಟ್ಯಾಂಡಿಗೂ ಜಾಗ ಇಲ್ಲದವರಿಗೆ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ಪಾಪ್‌ಅಪ್ ಫಿಲ್ಟರ್ ಇದೆ, ಪೈಪಿನ ಜೊತೆಗೇ ಗೋಡೆಗೆ ನಿಲ್ಲುತ್ತೆ. ಕಟ್ಟಿಕೊಂಡಾಗ ಒಳಗಿನ ಸೋಸುಕ ತಾನೇ ಮೇಲೆದ್ದು ನೀರು ಹೊರಗೆ ಹೋಗುತ್ತೆ. ಅದು ಎದ್ದಿದೆಯಾ ಅಂತ ಮಳೆ ಬಂದಾಗ ನೋಡಬೇಕು ಅಷ್ಟೆ.

ಟ್ಯಾಂಕ್ ಕಪ್ಪು ಬಣ್ಣದ್ದೇ ಇರಲಿ. ಬೆಳಕು ಹಾಯೋ ಟ್ಯಾಂಕಿನಲ್ಲಿ ಪಾಚಿ ಖಂಡಿತ. ಒಂದೊಂದು ತುಂಬಿದಾಗ ಎರಡು ಟನ್, ಅದಕ್ಕೇ ನೆಲದಲ್ಲಿ ನಾಲ್ಕಿಂಚು ಕಾಂಕ್ರೀಟ್ ಹಾಸಿ ಕಟ್ಟೆ ಕಟ್ಟಿ. ತಳ ಇಡಿಯಾಗಿ ಕೂರಬೇಕು. ನಾಲ್ಕು ಮೂಲೆಗೆ ಇಟ್ಟಿಗೆ ಇಟ್ಟರೆ ತಳ ಬಿರಿಯುತ್ತೆ. ಕುಡಿಯೋ ನಲ್ಲಿ ತಳದಿಂದ ನಾಲ್ಕಿಂಚು ಮೇಲೆ ಬರಲಿ, ಕೆಳಗೆ ಗಸಿ ನಿಲ್ಲುತ್ತೆ. ಒಂದಡಿ ಕಟ್ಟೆ ಸೇರಿ ನೆಲದಿಂದ ಹದಿನಾರು ಇಂಚಾಯ್ತು, ಬಿಂದಿಗೆ ಹಿಡಿಯುತ್ತೆ. ತೀರಾ ತಳಕ್ಕೆ ತೊಳೆಯೋ ವಾಲ್ವ್ ಬೇರೆ. ಒಳಬರೋ ಪೈಪನ್ನ ತಳದ ಹತ್ತಿರದವರೆಗೂ ಇಳಿಸಿ ಕೊನೆಗೆ ಎಲ್ಬೋ ಮೇಲ್ಮುಖ ಮಾಡಿದರೆ ಗಸಿ ಕದಡೋದಿಲ್ಲ. ಎರಡು ಟ್ಯಾಂಕನ್ನ ಅಡಿಯಲ್ಲಿ ಜೋಡಿಸಬೇಡಿ. ಒಂದರಲ್ಲಿ ಇಲಿಯೋ ಹಲ್ಲಿಯೋ ಬಿದ್ದರೆ ನಾಲ್ಕು ಸಾವಿರವೂ ಹೋಯ್ತು. ಮೊದಲನೆಯದರ ಓವರ್‌ಫ್ಲೋ ಎರಡನೆಯದಕ್ಕೆ ಬೀಳಲಿ, ಎರಡನೆಯದರ ಕಟ್ಟೆ ಎರಡು ಮೂರು ಇಂಚು ತಗ್ಗಿರಲಿ. ಹೊರಗೆ ತೆರೆದಿರೋ ಪ್ರತಿ ಬಾಯಿಗೂ ಸೊಳ್ಳೆ ಜಾಲರಿ ಬಿಗಿಯಾಗಿ ಕಟ್ಟಿ. ನಲ್ಲಿ ಪ್ಲಾಸ್ಟಿಕ್ ಅಥವಾ ಸ್ಟೀಲಿನದು. ಮೆದುನೀರು ಹಿತ್ತಾಳೆ, ಜಿಐ ಫಿಟ್ಟಿಂಗುಗಳನ್ನ ನಿಧಾನಕ್ಕೆ ತಿನ್ನುತ್ತೆ.

ಅಶ್ವಿನಿ, ಭರಣಿ ಮಳೆ ಬೇಸಿಗೆಯ ಧೂಳು ತೊಳೆಯೋಕಷ್ಟೇ ಅಂತಿಟ್ಟುಕೊಳ್ಳಿ; ಮೊದಲ ಎರಡು ಮಳೆ ಹೊರಗೆ ಹೋಗಲಿ, ಮೂರನೆಯದರಿಂದ ಹಿಡಿಯಿರಿ. ನಿಜವಾದ ಕೊಯ್ಲು ಸೆಪ್ಟೆಂಬರ್ ಮಧ್ಯದಿಂದ, ಉತ್ತರೆ, ಹಸ್ತ, ಚಿತ್ತೆಯಲ್ಲಿ. ಆಗಸ್ಟ್ ಕೊನೆಗೆ ಒಂದೊಂದೇ ಟ್ಯಾಂಕ್ ಖಾಲಿ ಮಾಡಿ ತೊಳೆದಿಡಿ. 20 ಮಿ.ಮೀ.ನ ಒಂದು ಮಳೆಗೆ 700 ಲೀಟರ್ ಹತ್ತಿರ ಒಳಗೆ ಬರುತ್ತೆ, ಅಂಥ ಐದಾರು ಮಳೆಗೆ ಎರಡೂ ತುಂಬುತ್ತೆ.

ತುಂಬಿದ ಮೇಲೆ ಸಾವಿರ ಲೀಟರಿಗೆ 4 ಗ್ರಾಂ ಲೆಕ್ಕದಲ್ಲಿ ಒಳ್ಳೆಯ ಬ್ಲೀಚಿಂಗ್ ಪೌಡರ್, ಅಂದರೆ ಒಂದು ಟ್ಯಾಂಕಿಗೆ 8 ಗ್ರಾಂ. ಮಗ್ಗಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯಷ್ಟೇ ಹಾಕಿ, ಅರ್ಧ ಗಂಟೆ ಬಿಟ್ಟು ಬಳಸಿ. ವಾಸನೆಯೇ ಬಾರದ ಹಳೇ ಪೌಡರಿನಲ್ಲಿ ಸತ್ವ ಇರೋದಿಲ್ಲ. ಇದರ ಪ್ರಭಾವ ಆರು ತಿಂಗಳು ಉಳಿಯೋದಿಲ್ಲ, ಆದ್ದರಿಂದ ಕುಡಿಯೋ ನೀರನ್ನ ದಿನಾ ಕುದಿಸಿ, ಕೊತಕೊತ ಅಂದ ಮೇಲೆ ಒಂದು ನಿಮಿಷ. ಮಳೆನೀರಿನಲ್ಲಿ ಫ್ಲೋರೈಡ್ ಚಿಂತೆ ಇಲ್ಲದ್ದರಿಂದ ಕುದಿಸಿದರೆ ನಷ್ಟವಿಲ್ಲ. ವರ್ಷಕ್ಕೊಮ್ಮೆ ಎಚ್‌ಟುಎಸ್ ಬಾಟಲಿಯಲ್ಲಿ (ನೀರಲ್ಲಿ ಕ್ರಿಮಿ ಇದೆಯಾ ಅಂತ ಮನೆಯಲ್ಲೇ ನೋಡೋ ಪರೀಕ್ಷೆ ಬಾಟಲಿ) ನೋಡಿ. ಗುರುತಿನವರೆಗೆ ನೀರು ತುಂಬಿ ಬೆಚ್ಚಗಿನ ಜಾಗದಲ್ಲಿಟ್ಟಾಗ ಒಂದೆರಡು ದಿನದಲ್ಲಿ ಕಪ್ಪಾದರೆ ಮಲಿನ ಸೇರಿದೆ ಅಂತ. ಟಿಡಿಎಸ್ ಪೆನ್ನು ಇಲ್ಲೊಂದು ಕೆಲಸಕ್ಕೆ ಬರುತ್ತೆ: ಮಳೆನೀರು 50ರ ಆಸುಪಾಸಿನಲ್ಲಿರಬೇಕು, 200 ದಾಟಿದರೆ ಎಲ್ಲೋ ಬೋರ್ ನೀರು ಸೇರ್ತಿದೆ.

ಮಳೆನೀರಿನಲ್ಲಿ ಮಿನರಲ್ ಇರೋದಿಲ್ಲವಲ್ಲ, ಪರವಾಗಿಲ್ವಾ ಅಂತಲೂ ಕೇಳಿದ್ದೀರಿ. ಅದು ಊಟದಿಂದ ಬರೋದು. 100 ಗ್ರಾಂ ರಾಗಿಯಲ್ಲೇ 340 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಈ ನೀರಲ್ಲಿ ತೊಗರಿಬೇಳೆ ಬೇಯಿಸಿ ನೋಡಿ, ಬೋರ್ ನೀರಿನಲ್ಲಿ ಎಷ್ಟು ಸೀಟಿ ಹೊಡೆಸಿದರೂ ಕಾಳುಕಾಳಾಗಿ ನಿಲ್ಲೋ ಬೇಳೆ ಇದರಲ್ಲಿ ಬೇಗ ಕರಗುತ್ತೆ.

ಎರಡೂ ಟ್ಯಾಂಕ್ ತುಂಬಿ ಉಕ್ಕೋ ನೀರನ್ನ ಬೀದಿ ಚರಂಡಿಗೆ ಬಿಡದೆ ಮೂರಡಿ ಅಗಲದ ರಿಂಗ್ ಇಳಿಸಿದ ಇಂಗುಗುಂಡಿಗೆ ಕೊಡಿ, ಏಳೆಂಟು ಅಡಿ ಆಳ ಸಾಕು. 20-30 ಸೈಟಿನಲ್ಲಿ ಅದಕ್ಕೆ ಜಾಗ ಸಿಗೋದು ಮನೆ ಮುಂದೆ ಮಾತ್ರ. ಟಾಯ್ಲೆಟ್ ಪಿಟ್ಟೂ ಮುಂದೆಯೇ ಇದ್ದರೆ ಇಂಗುಗುಂಡಿ ತೋಡಬೇಡಿ, ಆ ನೀರನ್ನ ಬಳಕೆಯ ಸಂಪಿಗೇ ಬಿಡಿ.